ದಕಾರ ಹೋಗಿ ಲಕಾರ

ರಿಯೇತಿಯ ಶಾಲೆ. ಎಪ್ಪತ್ತೊಂದರ ಚಳಿ.
ಎರ್ಸಿಲಿಯಾ ಟೀಚರು ಹಲಗೆಯ ಮೇಲೆ ಬರೆದರು:
ಒಲೆತ್.
'ವಾಸನೆ ಬೀರುತ್ತಾನೆ, ಬೀರುತ್ತಾಳೆ, ಬೀರುತ್ತದೆ.
ಲ್ಯಾಟಿನ್ನಿಗೆ ಮೂರೂ ಒಂದೇ.
ಗುಲಾಬಿಯೋ ಗಟಾರವೋ, ಅದನ್ನೂ ಅದು ಕೇಳುವುದಿಲ್ಲ.
ಯಾವುದರ ವಾಸನೆಯೋ ಅದಕ್ಕೆ ದ್ವಿತೀಯಾ ವಿಭಕ್ತಿ:
ವೈನನ್ನು ನಾರುತ್ತಾನೆ, ಬೆಳ್ಳುಳ್ಳಿಯನ್ನು ನಾರುತ್ತಾನೆ,
ಮೂಟೆಯನ್ನು ಹೊರುತ್ತಾನೆ ಅಂದ ಹಾಗೆ.'

ಹಿಂದಿನ ಸಾಲಿನಿಂದ ಯಾರೋ: 'ಕುರಿಯನ್ನು!'
ಇಡೀ ತರಗತಿ ನಜ್ಜರೇನೋನ ಕಡೆ ತಿರುಗಿತು.

ನಾಲ್ಕಕ್ಕೆದ್ದು ಅಪ್ಪನೊಡನೆ ಹಾಲು ಕರೆದು,
ಹೆಪ್ಪು ಹಾಕಿ, ಚೀಸಿನ ನೀರು ಹಿಂಡಿ
ಬಸ್ಸು ಹಿಡಿದು ಬರುವವನು.
ಅವನಿಗಿಂತ ಮುಂಚೆ ಅವನ ಕೋಟು ಒಳಗೆ ಬರುತ್ತಿತ್ತು.
ಆ ವಾರ ನಾನು ನನ್ನ ಬೆಂಚು ಸರಿಸಿದ್ದೆ.
ಒಂದೇ ಗೇಣು. ನೆಲದಲ್ಲಿ ಗೀರು ಬಿದ್ದಿತ್ತು.

ಟೀಚರು ಗದರಲಿಲ್ಲ. ಸೀಮೆಸುಣ್ಣ ಮುರಿದರು.
'ಓದೊರ್ ಅಂದರೆ ವಾಸನೆ. ಅಲ್ಲಿ ದಕಾರ.
(ಕೊನೆಯ ರಕಾರ ಮೊದಲು ಸಕಾರವಾಗಿತ್ತು,
ಎರಡು ಸ್ವರಗಳ ನಡುವೆ ಸಿಕ್ಕಿ ಸವೆಯಿತು. ಅದು ನಾಳೆಗೆ.)
ಒಲೆತ್‌ನಲ್ಲಿ ಆ ದಕಾರ ಲಕಾರವಾದದ್ದು ಹೇಗೆ?
ಸಬೀನರ ನಾಲಿಗೆಯಿಂದ ಅನ್ನುತ್ತಾರೆ ಕೆಲವರು.
ಸಬೀನರು ಅಂದರೆ ಯಾರು?
ಈ ಗುಡ್ಡದವರು. ಕುರಿ ಹೊಡೆದುಕೊಂಡು
ಉಪ್ಪಿನ ದಾರಿ ಹಿಡಿದು ರೋಮಿಗೆ ಇಳಿದವರು.
ಇನ್ನು ಕೆಲವರು ಒಪ್ಪುವುದಿಲ್ಲ.
ನಾಲಿಗೆ ಎಂಬ ಪದವೇ, ಲಿಂಗ್ವಾ,
ಹಿಂದೊಮ್ಮೆ ದಿಂಗ್ವಾ ಆಗಿತ್ತು. ತಾನೇ ಹೊರಳಿತು.
ಹೇಗೂ ಇರಲಿ. ಮೂಗು ಮುರಿಯಲೆಂದು
ಪಟ್ಟಣಕ್ಕೊಂದು ಮಾತು ಬೇಕಾದಾಗ
ಕುರಿಯವರ ಬಾಯಿಂದಲೇ ಕಡ ತಂದಿರಬಹುದು.'

ಯಾರೂ ನಗಲಿಲ್ಲ ಎಂದು ಬರೆದರೆ ಸುಳ್ಳು.
ನಕ್ಕರು. ಗಂಟೆಯಾಯಿತು.
ಬಾಗಿಲ ತನಕ ಬಂದು ಟೀಚರು ಸೇರಿಸಿದರು:
'ಮೂಸುವುದಕ್ಕೆ ಬೇರೆ ಪದ, ಒಲ್ಫಾಚೆರೆ.
ವಾಸನೆಗೆ "ಮಾಡು" ಎಂಬುದನ್ನು ಹೊಲಿದದ್ದು.
ಬೀರುವವನು ಸುಮ್ಮನೆ ಇರುತ್ತಾನೆ.
ಮಾಡುವವನು ಮೂಸುವವನು.'
ಪರೀಕ್ಷೆಗೆ ಬರುತ್ತದೆಂದು ಗೆರೆ ಎಳೆದುಕೊಂಡೆ.
ಬರಲಿಲ್ಲ.

ಮೊನ್ನೆ ಅವರನ್ನು ಮಣ್ಣು ಮಾಡಿದೆವು.
ಎಂಟನೇ ವಯಸ್ಸಿನ ಜ್ವರದಲ್ಲಿ
ಅಕ್ಕನ ಮೂಗು ಸತ್ತೇ ಹೋಗಿತ್ತು, ಅಂದಳು ತಂಗಿ;
ಹಾಲು ಸೀದರೂ ತಿಳಿಯುತ್ತಿರಲಿಲ್ಲವಂತೆ.
ಚರ್ಚಿನಲ್ಲಿ ಪಕ್ಕಕ್ಕೆ ಬಂದು ಕೂತವನು ನಜ್ಜರೇನೋ,
ತಲೆ ನರೆತು, ಕೈ ಹಾಗೇ ಅಗಲ.
ಒಂದಿಷ್ಟು ಹತ್ತಿರ ಸರಿದೆ.
ಅವನ ಕೋಟು ಸೋಪನ್ನು ನಾರುತ್ತಿತ್ತು,
ಬರೀ ಸೋಪನ್ನು.
ಮತ್ತೊಮ್ಮೆ ಮೂಸಿದೆ.