ಪುಟ ನಲವತ್ತೊಂದು

ಆ ಆದೇಶ ಟೈಪು ಮಾಡಿದವಳು ನಾನೇ.
ಹಳೆಯ ಯಾವುದೋ ಆದೇಶ ತೆರೆದು
ಹೆಸರು ಅಳಿಸಿ ಹೆಸರು ಕೂರಿಸಿ
ಬಾರ್ಜು, ತಾರೀಖು, ಲೈಸೆನ್ಸ್ ನಂಬರು ಬದಲಿಸಿ
‘ಸಾಕಷ್ಟು ಅವಕಾಶ ಕೊಟ್ಟರೂ ಹಾಜರಾಗಲಿಲ್ಲ’
ಎಂಬ ಸಾಲನ್ನು ಮಾತ್ರ ಮುಟ್ಟದೆ ಬಿಟ್ಟೆ.
ಅದು ಯಾವಾಗಲೂ ಅಲ್ಲೇ ಇರುವ ಸಾಲು,
ಕಚೇರಿಯ ಮೂಲೆಯ ನೀರಿನ ಹೂಜಿಯ ಹಾಗೆ.
ಐದೂಕಾಲಿಗೆ ಕ್ಯಾಪ್ಟನ್ ಸಾಹೇಬರ ಸಹಿ.
ಶುಕ್ರವಾರ. ಐದೂವರೆಗೆ ನನಗೆ ಕಾರವಾರದ ಬಸ್ಸು.

ಹದಿನಾಲ್ಕು ತಿಂಗಳಾದ ಮೇಲೆ ಇವತ್ತು
ಪಣಜಿಯ ಮೂರನೇ ಮಹಡಿ, ಮೇಲ್ಮನವಿಯ ಮಂಡಳಿ.
ಪ್ಯೂನು ರಜೆ; ಕಡತ ನನ್ನ ತೊಡೆಯ ಮೇಲೆ,
ಮಲಗಿದ ಕೂಸಿನಷ್ಟು ಭಾರ.

ಜಟ್ಟಪ್ಪ ಹರಿಕಂತ್ರ, ಸಾಕಿನ್ ತದಡಿ,
ಇಪ್ಪತ್ತಾರು ವರ್ಷ ಮಾಂಡವಿಯ ಮೇಲೆ
ಅದಿರು ಹೊತ್ತ ಬಾರ್ಜಿನ ಸಾರಂಗ,
ಕೊನೆಯ ಬೆಂಚಿನ ತುದಿಗೆ ಕೂತಿದ್ದಾನೆ
ಇಸ್ತ್ರಿಯ ಗೆರೆ ಮುರಿಯದಂತೆ ಕಾಲು ಚಾಚಿ.
ಲೈಸೆನ್ಸು ಹೋದಮೇಲೆ ಮಾಲಿಂ ಧಕ್ಕೆಯಲ್ಲಿ
ಐಸು ಒಡೆಯುವ ಕೆಲಸವಂತೆ.
ಬೆರಳ ತುದಿಗಳು ಬಿಳಿಚಿವೆ.

ವಕೀಲೆ ಲೂರ್ದಿನಾ ಬಾರೆಟೊ, ಇನ್ನೂ ಹುಡುಗಿ,
ಒಂದೇ ಪ್ರಶ್ನೆ ತಂದಿದ್ದಾಳೆ:
ನೋಟಿಸು ಹೋದದ್ದು ಎಲ್ಲಿಗೆ?

ಪುಟ ನಲವತ್ತೊಂದು.
ತೂತು ಹೊಡೆದು ಟ್ಯಾಗು ಕಟ್ಟಿದ್ದು ಈ ಕೈಯೇ,
ಓದಿರಲಿಲ್ಲ.
ಮರಳಿ ಬಂದ ಲಕೋಟೆ. ವಿಳಾಸ:
‘ಸಾರಂಗ, ಬಾರ್ಜು ದೇವಕಿ, ರಿಬಂದರ್ ಲಂಗರು.’
ದೇವಕಿ ಆ ಹೊತ್ತಿಗೆ ಯಾವುದೋ ಯಾರ್ಡಿನಲ್ಲಿ
ಮೂತಿ ಕತ್ತರಿಸಿಕೊಂಡು ಮಗ್ಗುಲಾಗಿತ್ತು.
ಅಂಚೆಯವನು ನೀಲಿ ಶಾಯಿಯಲ್ಲಿ ಬರೆದಿದ್ದ:
ಬಾರ್ಜು ಇಲ್ಲ. ನೀರು ಮಾತ್ರ.

ಅಧ್ಯಕ್ಷರು ಕನ್ನಡಕ ತೆಗೆದರು.
‘ನೀರಿಗೆ ನೋಟಿಸು ಕೊಟ್ಟಿರೇನು?’
ಯಾರೂ ನಗಲಿಲ್ಲ.
ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದರು.
ನಾನು ನನ್ನ ಉಗುರು ನೋಡಿಕೊಂಡೆ.

ಆ ರಾತ್ರಿ ದಿವಾಡಿಯ ಫೆರಿ ಧಕ್ಕೆ ಮುರಿದದ್ದು,
ಎರಡು ಸ್ಕೂಟರು ನೀರಿಗೆ ಜಾರಿದ್ದು,
ಫೆರಿಗೆ ಕಾದಿದ್ದ ಹೆಂಗಸೊಬ್ಬಳ ಮುಂಗೈ ಮೂಳೆ—
ಯಾವುದೂ ಇಲ್ಲಿ ಬರಲಿಲ್ಲ.
ತಪ್ಪು ಮಾಡಿದನೇ ಎಂದಲ್ಲ,
ಅವನನ್ನು ಕೇಳಿದಿರೇ ಎಂದಷ್ಟೇ ಇಲ್ಲಿಯ ಲೆಕ್ಕ.
ಆದೇಶ ರದ್ದು. ಎಂಟು ವಾರದೊಳಗೆ ಹೊಸದಾಗಿ ವಿಚಾರಣೆ.
ಅಲ್ಲಿಯತನಕ ಲೈಸೆನ್ಸು ಅಮಾನತಿನಲ್ಲಿ.
ಮುಂದಿನ ಪ್ರಕರಣ ಕೂಗಿಯಾಯಿತು.

ಮೆಟ್ಟಿಲ ತಿರುವಿನಲ್ಲಿ ಅವರು ಕಾದಿದ್ದರು.
ಕಡತದೊಳಗೆ ‘ಅವನು’ ಆಗಿದ್ದವರು
ಎದುರು ನಿಂತಾಗ ‘ಅವರು’ ಆದರು.
‘ತಂಗೀ, ನೀ ಕಾರವಾರ ಬದಿಯವಳಲ್ಲವ?
ಗೆದ್ದೆನಾ ನಾನು?’
‘ಮತ್ತೆ ಕರೆದು ಕೇಳ್ತಾರೆ.’
‘ಏನಂತ?’
‘ಆ ರಾತ್ರಿ ಏನಾಯಿತು ಅಂತ.’

‘ನಿದ್ದೆ ಬಂತು’ ಅಂದರು, ಸಲೀಸಾಗಿ,
ಸಮಯ ಕೇಳಿದವರಿಗೆ ಸಮಯ ಹೇಳಿದ ಹಾಗೆ.
‘ಮೂರು ಭರತ ಬಿಡದೆ ಓಡಿಸಿದ್ದೆ.
ಎರಡನೇ ಆಳನ್ನ ಮಾಲಕ ಕಳಿಸಲೇ ಇಲ್ಲ.
ಧಕ್ಕೆಯ ದೀಪ ಕಂಡದ್ದು ನೆನಪುಂಟು.
ಆಮೇಲೆ ಬರೀ ಸದ್ದು.
ಆ ಹೆಂಗಸಿನ ಕೈ ಕೂಡಿತೋ ಏನೋ.
ಹೇಳುವಾ ಅಂದರೆ, ಕೇಳಿದವರೇ ಇಲ್ಲ.’

ನನಗೆ ಹೇಳಬೇಡಿ ಅನ್ನಬೇಕಿತ್ತು.
ನಾನು ಆ ಕಡೆಯವಳು, ಕಡತ ಹೊತ್ತವಳು.
ಬದಲಿಗೆ ಪರ್ಸು ತಡಕಿ, ಬಸ್ಸಿನ ಟಿಕೇಟು ಸಿಕ್ಕಿ,
ಅದರ ಬೆನ್ನಿಗೆ ಬರೆದುಕೊಂಡೆ:
ತದಡಿ, ಬಲೆ ಹೆಣೆಯುವ ಶೆಡ್ಡಿನ ಹಿಂದೆ, ಮೂರನೇ ಬಾಗಿಲು.
ಜಟ್ಟು ಅಂದರೆ ಸಾಕು, ನಾಯಿಯೂ ತೋರಿಸುತ್ತದೆ.

ಹೊರಗೆ ಇಳಿತ ಶುರುವಾಗಿತ್ತು.
ಖಾಲಿ ಬಾರ್ಜೊಂದು ಸೇತುವೆಯಡಿ ಬರುತ್ತಿತ್ತು.
ಅವರು ಒಂದು ಗಳಿಗೆ ಹುಬ್ಬಿಗೆ ಕೈ ಹಿಡಿದು ನೋಡಿ
‘ಬಲಕ್ಕೆ ಜಾಸ್ತಿ ಎಳೆದ. ಅಲ್ಲಿ ಹೂಳುಂಟು,
ಹೊಸ ಹುಡುಗ’ ಅಂದರು,
ಐಸಿನ ಪಾಳಿಗೆ ಹೊತ್ತಾಯಿತೆಂದು ಹೊರಟರು.

ನಾಳೆ ಹೊಸ ನೋಟಿಸು ಟೈಪಾಗಬೇಕು.
ಹಳೆಯದನ್ನು ತೆರೆಯುವುದಿಲ್ಲ.