ಹನ್ನೆರಡನೆಯ ಸಾಲು

ನನ್ನ ಕೆಲಸ ನೆನಪಿಟ್ಟುಕೊಳ್ಳುವುದು:
ಲೋಟದಲ್ಲಿ ಚಹಾ ಎಷ್ಟಿತ್ತು, ಯಾವ ಗುಂಡಿ ಬಿಚ್ಚಿತ್ತು,
ಬಾಗಿಲು ದೂಡಿದ್ದು ಎಡಗೈಯೋ ಬಲಗೈಯೋ.
ಮಾರ್ಚ್ ಹದಿಮೂರು. ಗ್ಲಾಸ್ಗೋ, ಗೋವನ್ನಿನ ಹಳೇ ಗೋದಾಮು.
ದೃಶ್ಯ ನಲವತ್ತೆರಡು.
ಚೂಲ್ವೆ ಬಾಗಿಲು ತೆರೆದು ಹೊಸ್ತಿಲು ದಾಟುತ್ತಾಳೆ.
ಕಟ್.
ಹೊರಗಿನ ಬೀದಿ ಸೋಮವಾರ, ಎಂದರು.

ಆ ಸೋಮವಾರ ಬರಲು ಸೆಪ್ಟೆಂಬರ್ ಆಯಿತು.
ಅಲ್ಲಿಯತನಕ ನನ್ನ ಅಡುಗೆಮನೆಯ ಕಪಾಟಿನಲ್ಲಿ
ಹಿಟ್ಟಿನ ಡಬ್ಬಿಯ ಪಕ್ಕ ನನ್ನ ಪುಸ್ತಕ,
ಅದರೊಳಗೆ ಚೂಲ್ವೆ
ಒಂದು ಕಾಲು ಒಳಗೆ ಒಂದು ಕಾಲು ಹೊರಗೆ
ಆರು ತಿಂಗಳು ನಿಂತೇ ಇದ್ದಳು.

ಮತ್ತೆ ಶುರುವಾದಾಗ ಎಲ್ಲರ ಮಣಿಕಟ್ಟಿಗೂ ಬಣ್ಣದ ಪಟ್ಟಿ.
ಕ್ಯಾಮೆರಾದ ಹತ್ತಿರ ಹೋಗಬಹುದಾದವರಿಗೆ ಕೆಂಪು,
ದೂರ ನಿಲ್ಲುವವರಿಗೆ ಹಳದಿ.
ಎಸ್ನಾತಳಿಗೆ ಯಾವ ಬಣ್ಣವೂ ಇಲ್ಲ.
ಜನ ಕಡಿಮೆ ಮಾಡಬೇಕು, ಕೂದಲಿಗೆ ಒಬ್ಬರು ಸಾಕು, ಎಂದಿತು ಮಿಂಚಂಚೆ.
ಆ ಒಬ್ಬ ಒಳ್ಳೆಯವನೇ. ನನ್ನಂಥವರ ಕೂದಲನ್ನು
ಊದಿ, ಉಬ್ಬಿಸಿ, ಹತ್ತು ವರ್ಷ ಇಳಿಸಬಲ್ಲ.
ಚೂಲ್ವೆಯ ತಲೆಯ ಮೇಲೆ ಅವನ ಕೈ
ಕಾದ ಹಂಚಿನ ಮೇಲೆಂಬಂತೆ ನಿಂತುಬಿಟ್ಟಿತು.
'ಟೋಪಿ ಹಾಕಿಬಿಡೋಣವೇ?' ಎಂದ.
ಚೂಲ್ವೆ ನಗಲಿಲ್ಲ.

ಮಾರ್ಚಿನ ನನ್ನ ಟಿಪ್ಪಣಿ: ಹೆಣೆದ ಸಾಲು ಹನ್ನೊಂದು.
ಎಡಗಿವಿಯ ಮೇಲಿನದು ಬಾಗಿ ಹಿಂದಕ್ಕೆ. ಬೈತಲೆಗಳು ತೆಳು.
ಹೆಣೆದ ಬೆರಳು ಯಾರದೆಂದು ಬರೆಯಲು
ಆ ಹಾಳೆಯಲ್ಲಿ ಜಾಗವೇ ಇಲ್ಲ,
ಇಲ್ಲವೆಂದು ನನಗೂ ಆವರೆಗೆ ಹೊಳೆದಿರಲಿಲ್ಲ.

ಎಸ್ನಾತ್ ಹುಟ್ಟಿದ್ದು ಮಲಾವಿಯ ಬ್ಲಾಂಟೈರಿನಲ್ಲಿ,
ಮನೆ ಇರುವುದು ಗ್ಲಾಸ್ಗೋ ಪಕ್ಕದ ಬ್ಲಾಂಟೈರಿನಲ್ಲಿ.
'ಇಷ್ಟು ದೂರ ನಡೆದು ಅದೇ ಊರಿಗೆ ಬಂದೆ ನೋಡು,
ಬಿಸಿಲೊಂದನ್ನು ಮರೆತು ಬಂದೆ' ಅನ್ನುವಳು.
ಈಗ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ಪಾಳಿ ಮುಗಿಯುವ ಮುಂಚೆ ಅಜ್ಜಿಯರ ತಲೆ ಬಾಚುತ್ತಾಳೆ,
ಕಿಟಕಿಯಾಚೆ ನಿಂತು ಕೈಬೀಸುವವರಿಗೆ ಚೆಂದ ಕಾಣಲೆಂದು.

ರಾತ್ರಿ ಹನ್ನೊಂದೂವರೆಗೆ ಕರೆ ಮಾಡಿದೆವು.
ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆ ಮಡಚುತ್ತ ಅವಳು,
ಮುಖಗವಸು ಗದ್ದಕ್ಕಿಳಿಸಿ;
ಪೇಸ್ಲಿಯಲ್ಲಿ ಬಚ್ಚಲುಮನೆಯ ಕನ್ನಡಿಯೆದುರು ಚೂಲ್ವೆ;
ಪುಸ್ತಕ ಬಿಚ್ಚಿಕೊಂಡು ನಾನು.
ಎರಡು ಜಡೆ ಒಂದೆಡೆ ಸೇರವು ಅನ್ನುತ್ತಾರೆ.
ಅಂದವರು ಜಡೆ ಹೆಣೆದವರಲ್ಲ.
'ಮೂರು ಎಳೆ ತಗೋ. ಜಗ್ಗಬೇಡ, ಸೇರಿಸು. ಇನ್ನಷ್ಟು ಎಣ್ಣೆ.
ಮಗೂ, ಕನ್ನಡಿ ಎಲ್ಲಾ ತಿರುಗಾಮುರುಗಾ ಹೇಳುತ್ತೆ,
ಬೆರಳನ್ನು ಕೇಳು.'

ಏಳನೆಯ ಸಾಲಿನಲ್ಲಿದ್ದಾಗ ಎಲ್ಲೋ ಗಂಟೆ ಬಾರಿಸಿತು. ಓಡಿದಳು.
ಹದಿನೇಳು ನಿಮಿಷ
ಒಗೆಯುವ ಯಂತ್ರ ತಿರುಗುವುದನ್ನು ನೋಡುತ್ತ ಕೂತೆವು.
ಬಂದಳು. ಏನೂ ಹೇಳಲಿಲ್ಲ. ಕೈ ತೊಳೆದಳು,
ತುಂಬ ಹೊತ್ತು ತೊಳೆದಳು.
'ಎಲ್ಲಿದ್ದೆವು?'

ನಸುಕಿಗೆ ಎಣಿಸಿದೆ. ಹನ್ನೆರಡು.
ಇನ್ನೊಮ್ಮೆ ಎಣಿಸಿದೆ.
ಆ ಗಂಟೆಯ ಆಚೀಚೆ ಒಂದು ಸಾಲು ಎರಡಾಗಿತ್ತು,
ಹಿಂದಲೆಯಲ್ಲಿ, ತುಸು ಸೊಟ್ಟ.
ಬಿಚ್ಚಲು ಹೊತ್ತಿಲ್ಲ; ಆರಕ್ಕೆ ಗಾಡಿ.

'ಹೊಂದುತ್ತದೆಯೇ?' ಎಂದರು ಪ್ಲಾಸ್ಟಿಕ್ ಪರದೆಯಾಚೆಯಿಂದ.
ಇಪ್ಪತ್ತಾರು ವರ್ಷ ಈ ಪುಸ್ತಕದಲ್ಲಿ
ನಾನೊಂದು ಸುಳ್ಳು ಬರೆದವಳಲ್ಲ.
ಹೊಂದುತ್ತದೆ, ಎಂದೆ.

ಚಿತ್ರ ಬಂತು. ಅದರಲ್ಲಿ ಯಾರೂ ಕೆಮ್ಮುವುದಿಲ್ಲ,
ಯಾರ ಮುಖಕ್ಕೂ ಬಟ್ಟೆಯಿಲ್ಲ.
ಕೊನೆಗೆ ಹರಿಯುವ ಹೆಸರುಗಳಲ್ಲಿ ಕೂದಲಿನ ಮುಂದೆ ಒಂದೇ ಹೆಸರು.
ಬಾಗಿಲಲ್ಲಿ ಹನ್ನೊಂದು, ಬೀದಿಯಲ್ಲಿ ಹನ್ನೆರಡು,
ರೆಪ್ಪೆ ಬಡಿಯುವಷ್ಟರಲ್ಲಿ.
ಒಬ್ಬರಿಗೂ ಕಾಣಲಿಲ್ಲ. ವಿಮರ್ಶಕರು ಬೆಳಕನ್ನು ಹೊಗಳಿದರು.

ಎಸ್ನಾತಳ ಮನೆಯಲ್ಲಿ ನೋಡಿದೆವು, ಕಿಟಕಿ ತೆರೆದಿಟ್ಟು,
ಕೋಟು ಬಿಚ್ಚದೆ.
ಅವಳು ತಟ್ಟನೆ ಚಿತ್ರ ನಿಲ್ಲಿಸಿದಳು, ಎದ್ದು ಹೋದಳು,
ಪರದೆಗೆ ಬೆರಳಿಟ್ಟು ಎಣಿಸಿದಳು.
'ನಾಲ್ಕನೇ ಕೋಣೆಯ ಐಲ್ಸಾ' ಎಂದಳು,
ಆ ಸೊಟ್ಟ ಸಾಲಿನಿಂದ ಬೆರಳು ತೆಗೆಯದೆ.