ಹತ್ತಕ್ಕೊಂದು ಲವಂಗ

ಪೆಂಬಾ ದ್ವೀಪದಲ್ಲಿ ನಮ್ಮೂರಿನ ಕಾಡೆಂದರೆ
ಗೋರಿಗಳ ಮೇಲೆ ಉಳಿದುಕೊಂಡಷ್ಟೇ.
ಮಿಕ್ಕದ್ದನ್ನು ಲವಂಗದ ತೋಟಗಳು ನುಂಗಿದವು.
ಸತ್ತವರಿಗೆ ನೆರಳಿರಲಿ ಎಂದು ಬಿಟ್ಟ ಮರಗಳಿಗೆ
ತೊಗಲುಬಾವಲಿಗಳು ಬಂದು ಜೋತುಬಿದ್ದವು.
ಯಾರ ಮನೆಗೆ ಯಾರು ನೆಂಟರೋ,
ಕೆಳಗೆ ಮಲಗಿದವರೂ ಮೇಲೆ ನೇತಾಡುವವರೂ
ಜಗಳವಿಲ್ಲದೆ ಇದ್ದಾರೆ.

ನನ್ನಪ್ಪ ಫಾಕಿ ಒಂದು ಕಾಲಕ್ಕೆ
ಆ ಮನೆಗೆ ಬಂದೂಕು ಹಿಡಿದು ಹೋಗುತ್ತಿದ್ದ,
ನಡುಹಗಲು, ಅವು ರೆಕ್ಕೆ ಹೊದ್ದು ಮಲಗಿದ ಹೊತ್ತಿಗೆ.
ಒಂದು ಈಡಿಗೆ ಏಳು, ಒಮ್ಮೊಮ್ಮೆ ಎಂಟು.
ಬಿದ್ದವನ್ನು ಆರಿಸುವ ಕೆಲಸ ನನ್ನದು:
ನರಿಯ ಮೋರೆ, ಕೆಂಚು ಕೊರಳು,
ಇನ್ನೂ ಆರದ ಮೈ,
ಬಾಯಲ್ಲಿ ಕಾಡತ್ತಿಯ ವಾಸನೆ.
ಅಮ್ಮ ತೆಂಗಿನಹಾಲಿನಲ್ಲಿ ಬೇಯಿಸುತ್ತಿದ್ದಳು.
ರುಚಿಯಾಗಿತ್ತು. ಸುಳ್ಳೇಕೆ ಹೇಳಲಿ.

ಅಪ್ಪ ಬಂದೂಕು ಕೆಳಗಿಟ್ಟದ್ದು ಕರುಣೆಯಿಂದಲ್ಲ.
ಒಂದು ದಿನ ಈಡು ಹಾರಿಸಿದರೆ
ಎಲೆ ಉದುರಿತು.
ಬರೀ ಎಲೆ.

ವೇಟೆ ಪಟ್ಟಣದಿಂದ ಬಂದವರು
ಸಂಘ ಕಟ್ಟಿ, ಉಳಿದವನ್ನಾದರೂ ಲೆಕ್ಕ ಇಡಿ ಎಂದರು.
ಆಕಾಶದಲ್ಲಿ ಹಾರುವುದನ್ನು ತಪ್ಪದೆ ನೋಡುವ ಕಣ್ಣು
ಊರಲ್ಲಿ ಯಾರದಿದೆ?
ಎಲ್ಲರೂ ಅಪ್ಪನ ಕಡೆ ತಿರುಗಿದರು.
ಅವನು ನೆಲ ನೋಡಿದ.

ಬಾಂಗ್ ಆಗುವ ಹೊತ್ತಿಗೇ ಅವು ಏಳುವುದು,
ಮರ ತಾನೇ ಸಿಪ್ಪೆ ಬಿಚ್ಚಿದ ಹಾಗೆ.
ಅಪ್ಪ ಎಡಗಣ್ಣು ಮುಚ್ಚುತ್ತಿದ್ದ, ಹಳೆಯ ಅಭ್ಯಾಸ,
ಬಲಗಣ್ಣಲ್ಲಿ ಎಣಿಸುತ್ತಿದ್ದ.
ಹತ್ತಾದರೆ ಒಂದು ಲವಂಗ
ಬುಟ್ಟಿಯಿಂದ ನನ್ನ ಮಡಿಲಿಗೆ.
ನಾಲ್ಕು ಲವಂಗದ ವರ್ಷವಿತ್ತು. ಹನ್ನೊಂದರ ವರ್ಷ.
ಆಮೇಲೆ ಮಡಿಲು ಘಮಘಮಿಸತೊಡಗಿತು.
ನಮಾಜಿಗೆ ತಡವಾಗಿ ಬಂದವನನ್ನು
ಇಮಾಮರು ಯಾಕೆಂದು ಕೇಳುತ್ತಿರಲಿಲ್ಲ,
ಎಷ್ಟೆಂದು ಕೇಳುತ್ತಿದ್ದರು.

ಬೀ ತೀಮೆ ಮಾತ್ರ ಪೊರಕೆ ಹಿಡಿದೇ ಬಂದಳು.
"ನನ್ನ ಮಾವಿನಹಣ್ಣಿನ ಲೆಕ್ಕ ಯಾರು ಬರೆಯುತ್ತಾರೆ ಫಾಕಿ?
ರಸ ಕುಡಿದು ನಾರು ಉಗಿದು ಹೋಗಿವೆ ಅಂಗಳದ ತುಂಬ!"
ಅಪ್ಪ ಬಹಳ ಹೊತ್ತು ಸುಮ್ಮನಿದ್ದ.
"ನಿನ್ನ ಬಾಗಿಲ ಮುಂದಿನ ಅತ್ತಿಮರ ನೆಟ್ಟವರು ಯಾರು?"
"ಇನ್ಯಾರು, ದೇವರು."
"ಯಾರ ಕೈಲಿ ಕಳಿಸಿದ ಬೀಜವನ್ನ?"
ಅವಳು ಬೈದುಕೊಂಡೇ ಹೋದಳು.
ಮರುದಿನ ಅಪ್ಪ ನಮ್ಮ ಮರದ ಒಂದು ಬುಟ್ಟಿ ಮಾವು
ಅವಳ ಜಗಲಿಯಲ್ಲಿಟ್ಟು ಬಂದ.
ಮಾತು ಮಾವಿನಹಣ್ಣಾಗುವುದಿಲ್ಲವಲ್ಲ.

ಎಲ್ಲವೂ ಕಡಲ ಕಡೆ ಹಾರಿಹೋದ ಮೇಲೆ
ಅಪ್ಪ ಇನ್ನೂ ಒಂದು ಲವಂಗ ಎತ್ತಿಕೊಳ್ಳುತ್ತಿದ್ದ.
ಪುಸ್ತಕಕ್ಕೆ ಸೇರದ್ದು.
ಯಾಕೆಂದು ಕೇಳಿದರೆ ಬಾಯಿಗೆ ಹಾಕಿಕೊಂಡು
"ಹಲ್ಲುನೋವು" ಎನ್ನುತ್ತಿದ್ದ.

ನನಗೆ ಗೊತ್ತು.
ಒಂದು ಸಲ ಬಿದ್ದ ತಾಯಿಯ ಎದೆಯಲ್ಲಿ
ಮರಿ ಇನ್ನೂ ಹಾಲು ಚೀಪುತ್ತಿತ್ತು.
ಇದೂ ಬೇಕಾ ಅಪ್ಪಾ, ಎಂದು
ಎತ್ತಿ ತೋರಿಸಿದವಳು ನಾನೇ.

ಹೋದ ತಿಂಗಳು ಅವನನ್ನೂ ಅಲ್ಲಿಗೇ ಒಯ್ದರು.
ಮಣ್ಣಿಗೆ ಹೆಂಗಸರು ಹೋಗುವಂತಿಲ್ಲ.
ಸಂಜೆ ಲೆಕ್ಕಕ್ಕೆ ಹೋದೆ.
ಹೊಸ ಮಣ್ಣಿನ ಮೇಲೆ ಆಗಲೇ
ಹಿಕ್ಕೆ, ಅಗಿದ ನಾರಿನ ಉಂಡೆ, ಒಂದು ಅರ್ಧ ಪೇರಲ.
ಗುಡಿಸಲು ಹೋದವಳು ಕೈ ಹಿಂದೆಗೆದೆ.

ನನಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ,
ಎರಡೂ ತೆರೆದು ಎಣಿಸುತ್ತೇನೆ, ತಪ್ಪುತ್ತೇನೆ,
ಅವು ನನಗಾಗಿ ನಿಲ್ಲುವುದಿಲ್ಲ.
ನಿನ್ನೆ ಬುಟ್ಟಿಯ ಲವಂಗ ಮುಗಿದೇ ಹೋಯಿತು,
ಮರ ಇನ್ನೂ ಹಾರುತ್ತಿತ್ತು.
ಕೈ ಚಾಚಿದೆ:
ಅಪ್ಪನ ಮೇಲೆ ಹಾಸಿದ್ದ ಬಿಳಿ ಹವಳದ ಕಲ್ಲುಗಳು,
ಒಂದು, ಎರಡು, ಹದಿನಾಲ್ಕು.

ಬರೆದುಕೊಂಡು, ಕಲ್ಲುಗಳನ್ನು ಇದ್ದಲ್ಲೇ ಇಟ್ಟೆ.
ದಾರಿಯಲ್ಲಿ ಇಮಾಮರು ನಿಂತಿದ್ದರು.
"ಎಷ್ಟು?"
ಹೇಳಲು ಬಾಯಿ ತೆರೆದರೆ
ಹಲ್ಲುಗಳ ನಡುವೆ ಯಾವಾಗಲೋ ಇಟ್ಟುಕೊಂಡ
ಒಂದು ಲವಂಗ.